ತೂಕ ಇಳಿಯುತ್ತೆ, ಆದ್ರೆ ನಿಲ್ಲಲ್ಲ: ಬೊಜ್ಜನ್ನ ವರ್ಷಗಟ್ಟಲೆ ನೋಡಿಕೊಳ್ಳೋದು ಹೇಗೆ?

ಜಯನಗರ_ಪ್ರಶ್ನೆ

ಬೆಂಗಳೂರಲ್ಲಿ ಯಾವ ಮೇನ್ ರೋಡಿಗೆ ಹೋದ್ರೂ "90 ದಿನದಲ್ಲಿ 12 ಕೆಜಿ" ಅನ್ನೋ ಬೋರ್ಡು ಕಾಣುತ್ತೆ. 91ನೇ ದಿನದಿಂದ ಏನು ಮಾಡ್ಬೇಕು ಅಂತ ಯಾವ ಬೋರ್ಡಲ್ಲೂ ಬರೆದಿರಲ್ಲ. ಇಳಿದ ತೂಕ ಒಂದೆರಡು ವರ್ಷದಲ್ಲಿ ಬಡ್ಡಿ ಸಮೇತ ವಾಪಸ್ ಬರುತ್ತೆ, ಬೈಗುಳ ಮಾತ್ರ ಆ ಮನುಷ್ಯನಿಗೆ: "ಬಾಯಿ ಕಟ್ಟಕ್ಕಾಗಲ್ಲ."

ಇದು ಬರೀ ಮನಸ್ಸಿನ ಗಟ್ಟಿತನದ ವಿಷಯಾನಾ? ಬಿಪಿ, ಶುಗರ್ ಥರ ಜೀವನಪೂರ್ತಿ ನೋಡ್ಕೋಬೇಕಾದ ಕಾಯಿಲೆನಾ? ಏನು ಅಳೀಬೇಕು, ಅಡುಗೆಮನೇಲಿ ಏನು ಬದಲಾಯಿಸಬೇಕು, ಔಷಧಿ ಯಾವಾಗ, ಆಪರೇಷನ್ ಯಾವಾಗ? "ನಮ್ಮ ಚಿಕ್ಕಪ್ಪ ಜೀರಿಗೆ ನೀರು ಕುಡಿದು ಹತ್ತು ಕೆಜಿ ಇಳಿಸಿದ್ರು" ಅನ್ನೋ ಕಥೆ ಬೇಡ. ಲೆಕ್ಕ ಗೊತ್ತಿರೋರು ಬರೀರಿ.

ಹಾರ್ಮೋನ್_ಡಾಕ್ಟ್ರು

ಕಾಯಿಲೆಯೇ. ಯಾಕೆ ಅಂತ ಹೇಳುತ್ತೇನೆ.

ಕೊಬ್ಬಿನ ಕೋಶಗಳು ಲೆಪ್ಟಿನ್ ಅನ್ನುವ ಹಾರ್ಮೋನ್ ಬಿಡುತ್ತವೆ. ಇದು ಗೊತ್ತಾಗಿದ್ದು 1994ರಲ್ಲಿ. ಮನೆಯಲ್ಲಿ ದಿನಸಿ ಎಷ್ಟಿದೆ ಅಂತ ಮಿದುಳಿಗೆ ಸುದ್ದಿ ಮುಟ್ಟಿಸೋದು ಅದರ ಕೆಲಸ. ತೂಕ ಇಳಿದಾಗ ಲೆಪ್ಟಿನ್ ಕುಸಿಯುತ್ತೆ, ಹೊಟ್ಟೆಯಿಂದ ಬರುವ ಹಸಿವಿನ ಹಾರ್ಮೋನ್ ಗ್ರೆಲಿನ್ ಏರುತ್ತೆ. ಮಿದುಳಿಗೆ ಅದು ಬರಗಾಲದ ಸುದ್ದಿ. ಹಸಿವು ಹೆಚ್ಚಿಸುತ್ತೆ, ಖರ್ಚು ಕಡಿಮೆ ಮಾಡುತ್ತೆ. ಅಮೆರಿಕದ ತೂಕ ಇಳಿಸುವ ಟಿವಿ ಸ್ಪರ್ಧೆಯೊಂದರ 14 ಜನರನ್ನು ಆರು ವರ್ಷದ ನಂತರ ಅಳೆದ ವರದಿ 2016ರಲ್ಲಿ ಬಂತು. ತೂಕದಲ್ಲಿ ಬಹುಪಾಲು ವಾಪಸ್ ಬಂದಿತ್ತು. ಆದರೂ ಅವರ ದೇಹ ವಿಶ್ರಾಂತಿಯಲ್ಲಿ ಸುಡುತ್ತಿದ್ದದ್ದು, ಆ ಗಾತ್ರದ ದೇಹ ಸುಡಬೇಕಾದ್ದಕ್ಕಿಂತ ದಿನಕ್ಕೆ ಸರಾಸರಿ 500 ಕ್ಯಾಲೊರಿ ಕಡಿಮೆ. ಅದು ವಿಪರೀತ ವೇಗದಲ್ಲಿ ಇಳಿಸಿದ ಪ್ರಸಂಗ, ಎಲ್ಲರಿಗೂ ಅಷ್ಟು ಆಗುವುದಿಲ್ಲ. ಆದರೆ ಹಳೇ ತೂಕದ ಕಡೆಗಿನ ಈ ಎಳೆತ ಎಲ್ಲರಿಗೂ ಇರುತ್ತೆ, ವರ್ಷಗಟ್ಟಲೆ ಇರುತ್ತೆ. ಬಿಪಿ ಮಾತ್ರೆ ನಿಲ್ಲಿಸಿದರೆ ಬಿಪಿ ಏರುತ್ತೆ. ಅದಕ್ಕೆ ಯಾರೂ ರೋಗಿಯನ್ನು ಬೈಯುವುದಿಲ್ಲ, ಅಲ್ಲವೇ?

ಇನ್ನು ಅಳತೆ. ಬಿಎಂಐ ಅಂದರೆ ಕೆಜಿಯಲ್ಲಿ ತೂಕ, ಅದನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿ. 74 ಕೆಜಿ, 168 ಸೆಂ.ಮೀ. ಇದ್ದರೆ 26.2. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಇದು ಬರೀ "ಹೆಚ್ಚು ತೂಕ", ಅಲ್ಲಿ ಬೊಜ್ಜು ಶುರುವಾಗೋದು 30ಕ್ಕೆ. ಭಾರತೀಯರಿಗೆ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು. ನಮ್ಮವರಲ್ಲಿ ಅಷ್ಟೇ ಬಿಎಂಐಗೆ ಸ್ನಾಯು ಕಡಿಮೆ, ಹೊಟ್ಟೆಯೊಳಗಿನ ಕೊಬ್ಬು ಜಾಸ್ತಿ. ಸಕ್ಕರೆ ಕಾಯಿಲೆ ಬೇಗ ಬರುತ್ತೆ.

ಬಿಎಂಐಗಿಂತ ಟೇಪು ಹೆಚ್ಚು ನಿಜ ಹೇಳುತ್ತೆ. ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಮಿತಿ. ಅಥವಾ ಸುಲಭಕ್ಕೆ, ಸೊಂಟ ಎತ್ತರದ ಅರ್ಧ ದಾಟಬಾರದು. ಎಲ್ಲಿ ಅಳೆಯಬೇಕು ಅನ್ನೋದರಲ್ಲೇ ಎಲ್ಲರೂ ತಪ್ಪೋದು. ಪ್ಯಾಂಟು ನಿಲ್ಲೋ ಜಾಗದಲ್ಲಲ್ಲ. ಹೊಟ್ಟೆ ಬಂದವರ ಪ್ಯಾಂಟು ಹೊಟ್ಟೆಯ ಕೆಳಗೆ ಜಾರಿ ನಿಂತಿರುತ್ತೆ. ಪ್ಯಾಂಟಿನ ಸೈಜು 34 ಅಂದರೂ ಹೊಟ್ಟೆ 40 ಇಂಚು ಇರಬಹುದು. ಪಕ್ಕೆಲುಬಿನ ಕೊನೆಯ ಅಂಚು, ಸೊಂಟದ ಮೂಳೆಯ ಮೇಲಂಚು, ಎರಡನ್ನೂ ಬೆರಳಲ್ಲಿ ಒತ್ತಿ ಗುರುತಿಸಿ. ಅವೆರಡರ ನಡುಮಧ್ಯೆ ಬರಿಮೈ ಮೇಲೆ ಟೇಪು ಸುತ್ತಿ. ಹಿಂದೆ ಟೇಪು ಜೋಲು ಬಿದ್ದಿಲ್ಲ ಅಂತ ಕನ್ನಡಿಯಲ್ಲಿ ನೋಡಿ. ಉಸಿರು ಸಹಜವಾಗಿ ಬಿಟ್ಟಾಗ ಓದಿ. ಹೊಟ್ಟೆ ಒಳಗೆ ಎಳೆದುಕೊಂಡರೆ ಟೇಪಿಗೆ ಮಾತ್ರ ಮೋಸ.

2025ರ ಜನವರಿಯಲ್ಲಿ ನಮ್ಮ ದೇಶದ ತಜ್ಞರು ಹೊಸ ವಿಂಗಡಣೆ ತಂದರು. ಬಿಎಂಐ 23 ದಾಟಿದೆ, ಆದರೆ ಅಂಗಾಂಗಕ್ಕಾಗಲಿ ದಿನದ ಕೆಲಸಕ್ಕಾಗಲಿ ತೊಂದರೆ ಕಾಣುತ್ತಿಲ್ಲ ಅಂದರೆ ಮೊದಲ ಹಂತ. ಹೊಟ್ಟೆಯ ಸುತ್ತಳತೆಯೂ ಮೀರಿ ಮೊಣಕಾಲು ನೋವು, ಏದುಸಿರು, ಸಕ್ಕರೆ ಕಾಯಿಲೆಯಂಥದ್ದು ಸೇರಿದ್ದರೆ ಎರಡನೇ ಹಂತ. ಚಿಕಿತ್ಸೆಯ ತೀವ್ರತೆ ಇದರ ಮೇಲೆ ನಿಲ್ಲುತ್ತೆ, ತಕ್ಕಡಿಯ ಒಂದು ಅಂಕಿಯ ಮೇಲಲ್ಲ.

ವಾದಪ್ರಿಯ

ಡಾಕ್ಟ್ರೇ, ಕಾಯಿಲೆ ಅಂತ ಹೆಸರು ಕೊಟ್ಟುಬಿಟ್ರೆ ಜನ ಕೈಕಟ್ಟಿ ಕೂರಲ್ವಾ? ಮತ್ತೆ ಎಲ್ಲರೂ "ನನಗೆ ಥೈರಾಯ್ಡ್, ಅದಕ್ಕೇ ದಪ್ಪ" ಅಂತಾರೆ. ಅದು ಎಷ್ಟು ನಿಜ?

ಹಾರ್ಮೋನ್_ಡಾಕ್ಟ್ರು

ಸಕ್ಕರೆ ಕಾಯಿಲೆಗೂ ಹೆಸರಿದೆ, ಜನ ಕೈಕಟ್ಟಿ ಕೂತಿಲ್ಲ.

ಥೈರಾಯ್ಡ್ ಬಗ್ಗೆ ನಿಮ್ಮ ಅನುಮಾನ ಸರಿ. ಥೈರಾಯ್ಡ್ ಕಡಿಮೆಯಾದರೆ ಏರುವ ತೂಕ ಸಾಮಾನ್ಯವಾಗಿ ಕೆಲವೇ ಕೆಜಿ, ಅದರಲ್ಲೂ ಬಹುಪಾಲು ಉಪ್ಪು-ನೀರು. ಮಾತ್ರೆ ಸರಿಹೋದ ಮೇಲೂ 20 ಕೆಜಿ ಹೆಚ್ಚಿದ್ದರೆ ಅದರ ಕಾರಣ ಬೇರೆ. ಟಿಎಸ್‌ಎಚ್ (ಥೈರಾಯ್ಡ್ ರಕ್ತಪರೀಕ್ಷೆ) ಒಮ್ಮೆ ನೋಡಿ, ಅದನ್ನೇ ಹಿಡಿದು ನೇತಾಡಬೇಡಿ. ಅಪರೂಪಕ್ಕೆ ಕುಶಿಂಗ್ (ದೇಹದಲ್ಲಿ ಕಾರ್ಟಿಸಾಲ್ ಹಾರ್ಮೋನ್ ಅತಿಯಾಗುವ ಕಾಯಿಲೆ) ಇರುತ್ತೆ: ಹೊಟ್ಟೆಯ ಮೇಲೆ ಬೆರಳಗಲದ ನೇರಳೆ ಗೆರೆ, ಸುಮ್ಮಸುಮ್ಮನೆ ಚರ್ಮ ಕಂದುಗಟ್ಟೋದು, ಕುಕ್ಕರುಗಾಲಲ್ಲಿ ಕೂತರೆ ಏಳಲಾಗದಷ್ಟು ತೊಡೆಯ ನಿಶ್ಶಕ್ತಿ. ಇವಿದ್ದರೆ ತಡಮಾಡಬೇಡಿ. ಮುಟ್ಟು ಏರುಪೇರು, ಮುಖದಲ್ಲಿ ಕೂದಲು ಇದ್ದರೆ ಪಿಸಿಒಎಸ್ (ಅಂಡಾಶಯದ ಹಾರ್ಮೋನ್ ಏರುಪೇರು) ಇದೆಯಾ ನೋಡಬೇಕು.

ಶುರುವಿನ ಪರೀಕ್ಷೆ: ಬಿಪಿ, ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಶುಗರ್ ಸರಾಸರಿ), ಖಾಲಿ ಹೊಟ್ಟೆಯ ಕೊಲೆಸ್ಟ್ರಾಲ್, ಲಿವರ್ ಪರೀಕ್ಷೆ, ಟಿಎಸ್‌ಎಚ್. ಬಿಪಿ, ಶುಗರ್‌ಗೆ ಹತ್ತಿರದ ಸರ್ಕಾರಿ "ನಮ್ಮ ಕ್ಲಿನಿಕ್" ಸಾಕು. ಐದಾರು ಸಾವಿರದ "ಫುಲ್ ಬಾಡಿ" ಪ್ಯಾಕೇಜ್ ಬೇಡ.

ಗುಳಿಗೆ_ಡಬ್ಬಿ

ಡಾಕ್ಟ್ರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಡಯಟ್ ಶುರು ಮಾಡೋಕೆ ಮುಂಚೆ ಮಾತ್ರೆ ಡಬ್ಬಿ ಟೇಬಲ್ ಮೇಲೆ ಸುರೀರಿ. ತೂಕ ಏರಿಸೋ ಔಷಧಿಗಳು ಅದರಲ್ಲೇ ಇರಬಹುದು. ಶುಗರ್‌ಗೆ ಗ್ಲಿಮೆಪಿರೈಡ್, ಪಯೋಗ್ಲಿಟಜೋನ್, ಇನ್ಸುಲಿನ್. ಮನೋರೋಗಕ್ಕೆ ಓಲಾಂಜಪಿನ್. ಖಿನ್ನತೆಗೆ, ನಿದ್ದೆಗೆ ಮಿರ್ಟಾಜಪಿನ್, ಅಮಿಟ್ರಿಪ್ಟಿಲಿನ್. ಫಿಟ್ಸ್‌ಗೆ ವಾಲ್‌ಪ್ರೋಯೇಟ್. ಆಮೇಲೆ ಸ್ಟೀರಾಯ್ಡ್. ಯಾವುದನ್ನೂ ನೀವೇ ನಿಲ್ಲಿಸಬೇಡಿ. ಬರೆದುಕೊಟ್ಟ ಡಾಕ್ಟ್ರ ಹತ್ರ "ತೂಕ ಏರಿಸದ ಬದಲಿ ಇದೆಯಾ" ಅಂತ ಕೇಳಿ, ಎಷ್ಟೋ ಸಲ ಇರುತ್ತೆ.

ಮಂಡಿನೋವಿಗೆ ಅಂತ ಪೊಟ್ಟಣದಲ್ಲಿ ಬರೋ ಹೆಸರಿಲ್ಲದ ಪುಡಿ ಇದ್ಯಲ್ಲ, ತಿಂದ ಎರಡೇ ದಿನಕ್ಕೆ ನೋವು ಮಾಯ ಆದ್ರೆ ಸ್ಟೀರಾಯ್ಡ್ ಬೆರೆಸಿರೋ ಅನುಮಾನ ಇಟ್ಕೊಳ್ಳಿ. ಮುಖ ದುಂಡಗಾಗಿ, ಹೊಟ್ಟೆ ಬಂದು, ಕೈಕಾಲು ಸಣ್ಣ ಆಗ್ತಾ ಇದ್ರೆ ಇನ್ನೂ ಜಾಸ್ತಿ. ತಿಂಗಳುಗಟ್ಟಲೆ ತಿಂದಿದ್ರೆ ದಿಢೀರ್ ನಿಲ್ಲಿಸೋದೂ ಅಪಾಯ. ಪೊಟ್ಟಣ ತಗೊಂಡೇ ಡಾಕ್ಟ್ರ ಹತ್ರ ಹೋಗಿ.

ಅಡುಗೆಮನೆ_ಲೆಕ್ಕ

ಊಟದ ವಿಷಯಕ್ಕೆ ಬರೋಣ. ನಾನು ಅನ್ನದಿಂದ ಶುರು ಮಾಡಲ್ಲ, ಎಣ್ಣೆಯಿಂದ ಮಾಡ್ತೀನಿ. ಯಾಕಂದ್ರೆ ಎಣ್ಣೆ ತಟ್ಟೇಲಿ ಕಾಣಲ್ಲ.

ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತೆ, ಗ್ರಾಂಗೆ 9 ಕ್ಯಾಲೊರಿ, ಅಲ್ಲಿಗೆ 8,200ರ ಹತ್ತಿರ. ನಾಲ್ಕು ಜನರ ಮನೇಲಿ ತಿಂಗಳಿಗೆ ನಾಲ್ಕು ಲೀಟರ್ ಹೋಗ್ತಿದ್ರೆ ತಲೆಗೆ ದಿನಕ್ಕೆ 270 ಕ್ಯಾಲೊರಿ ಬರೀ ಎಣ್ಣೆಯಿಂದ. ತಲೆಗೆ 600 ಮಿ.ಲೀ.ಗೆ ಇಳಿಸಿದ್ರೆ ದಿನಕ್ಕೆ 110 ಕ್ಯಾಲೊರಿ ಉಳೀತು, ಯಾರೂ ಹಸಿದುಕೊಂಡಿಲ್ಲ.

ಮಾಡೋದು ಹೀಗೆ. ಒಂದನೇ ತಾರೀಖು ನಾಲ್ಕು ಜನಕ್ಕೆ 2.4 ಲೀಟರ್ ಅಳೆದು ಬೇರೆ ಡಬ್ಬಿಗೆ ಹಾಕಿ. ಆ ತಿಂಗಳು ಅಷ್ಟೇ. ಪ್ಯಾಕೆಟ್ಟಿನ ಮೂಲೆ ಕತ್ತರಿಸಿ ಬಾಣಲೆಗೆ ಸುರಿಯೋದನ್ನ ಮೊದಲು ನಿಲ್ಲಿಸಿ, 5 ಮಿ.ಲೀ. ಚಮಚ ಡಬ್ಬಿಯೊಳಗೇ ಇರಲಿ. ನಾಲ್ಕು ಜನರ ಪಲ್ಯದ ಒಗ್ಗರಣೆಗೆ ಮೂರು ಚಮಚ ಸಾಕು. ಸಾಸಿವೆ ಮುಳುಗಬೇಕು ಅಂತಿಲ್ಲ, ಬಾಣಲೆ ಓರೆ ಮಾಡಿದ್ರೆ ಸಿಡಿಯುತ್ತೆ. ಇಪ್ಪತ್ತನೇ ತಾರೀಖಿಗೆ ಡಬ್ಬಿ ಖಾಲಿ ಆದ್ರೆ ತಪ್ಪು ಸಾಮಾನ್ಯವಾಗಿ ಎರಡು ಕಡೆ: ದೋಸೆ ಹೆಂಚು, ಇಲ್ಲಾ ಸಂಜೆಯ ಬಜ್ಜಿ-ಬೋಂಡ. ಎಣ್ಣೆ ಉಳಿಸಿ ಕಾಯಿ ಎರಡರಷ್ಟು ತುರಿಯೋದು ಇನ್ನೊಂದು ಮಾಮೂಲಿ ತಪ್ಪು. 30 ಗ್ರಾಂ ಹಸಿಕಾಯಿ ಅಂದ್ರೆ ನೂರಕ್ಕೂ ಮೇಲೆ ಕ್ಯಾಲೊರಿ.

ಕಾಫಿ ಬಿಡಿ ಅಂತ ಬೆಂಗಳೂರಿನವರಿಗೆ ಹೇಳೋ ಧೈರ್ಯ ನನಗಿಲ್ಲ. ಆದ್ರೆ ದಿನಕ್ಕೆ ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ ಅಂದ್ರೆ 40 ಗ್ರಾಂ, 160 ಕ್ಯಾಲೊರಿ. ವಾರಕ್ಕೆ ಅರ್ಧರ್ಧ ಚಮಚ ಇಳಿಸಿ, ನಾಲಿಗೆ ಒಗ್ಗುತ್ತೆ. ಬೈಟೂ ಕಾಫಿ ಅನ್ನೋದು ಈ ಊರು ಕಂಡುಹಿಡಿದ ಅತ್ಯುತ್ತಮ ಡಯಟ್.

ವಾದಪ್ರಿಯ

ಮೇಡಂ, ಅನ್ನ ಬಿಟ್ಟು ರಾಗಿ ಮುದ್ದೆ ತಿಂದ್ರೆ ತೂಕ ಇಳಿಯುತ್ತೆ ಅಂತ ಎಲ್ಲ ಕಡೆ ಹೇಳ್ತಾರೆ. ಆಮೇಲೆ 16 ಗಂಟೆ ಉಪವಾಸ?

ಅಡುಗೆಮನೆ_ಲೆಕ್ಕ

75 ಗ್ರಾಂ ರಾಗಿ ಹಿಟ್ಟಿನ ಮುದ್ದೆ ಸುಮಾರು 240 ಕ್ಯಾಲೊರಿ. 75 ಗ್ರಾಂ ಅಕ್ಕಿಯ ಅನ್ನ ಸುಮಾರು 265. ಅಷ್ಟೇ ವ್ಯತ್ಯಾಸ. 150 ಗ್ರಾಂ ಹಿಟ್ಟಿನ ದೊಡ್ಡ ಮುದ್ದೆ ನುಂಗಿ "ನಾನು ಅನ್ನಾನೇ ತಿನ್ನಲ್ಲ" ಅಂದ್ರೆ ಲೆಕ್ಕ ತಪ್ಪಿತು. ರಾಗಿಯ ನಿಜವಾದ ಲಾಭ ನಾರು ಮತ್ತು ಕ್ಯಾಲ್ಸಿಯಂ. ಬೆಲ್ಲ ಹಾಕಿದ ತೆಳು ರಾಗಿ ಮಾಲ್ಟ್‌ಗೆ ಆ ಮರ್ಯಾದೆ ಕೊಡಬೇಡಿ, ಸಕ್ಕರೆ ಸರ್ರನೆ ಏರುತ್ತೆ.

ಉಪವಾಸದ ಬಗ್ಗೆ ಚಿಕ್ಕದಾಗಿ: ಒಟ್ಟು ಕ್ಯಾಲೊರಿ ಒಂದೇ ಆದ್ರೆ ಗಂಟೆ ಕಟ್ಟಿ ತಿನ್ನೋದರಿಂದ ಹೆಚ್ಚಿನ ಇಳಿಕೆ ಕಂಡಿಲ್ಲ. ಕೆಲವರಿಗೆ ಅದು ಅನುಕೂಲ, ಮಾಡಲಿ. ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ತಗೊಳ್ಳೋರು ಡಾಕ್ಟ್ರನ್ನ ಕೇಳದೆ ಮಾಡಬಾರದು, ಶುಗರ್ ಕುಸಿದು ತಲೆಸುತ್ತಿ ಬೀಳ್ತಾರೆ.

ನಮ್ಮೂಟದ ದೊಡ್ಡ ಕೊರತೆ ಬೇರೆ ಇದೆ, ಪ್ರೋಟೀನ್. ತೂಕ ಇಳಿಸುವಾಗ ಗುರಿ ತೂಕದ ಪ್ರತಿ ಕೆಜಿಗೆ 1ರಿಂದ 1.2 ಗ್ರಾಂ ಬೇಕು. ಕಿಡ್ನಿ ತೊಂದರೆ ಇದ್ರೆ ಡಾಕ್ಟ್ರನ್ನ ಕೇಳಿ. ಗುರಿ 65 ಕೆಜಿ ಅಂದ್ರೆ 65ರಿಂದ 78 ಗ್ರಾಂ. ಸಸ್ಯಾಹಾರದಲ್ಲಿ ಹೇಗೆ ಬರುತ್ತೆ ನೋಡಿ: ಒಣ ಹೆಸರುಕಾಳು 30 ಗ್ರಾಂ (7), ತೊಗರಿಬೇಳೆ 40 ಗ್ರಾಂ (8-9), ಮೊಸರು 300 ಗ್ರಾಂ (9), ಹಾಲು ಒಂದು ಲೋಟ (6), ಪನೀರ್ 50 ಗ್ರಾಂ (9), ಸೋಯಾ ಚಂಕ್ಸ್ 30 ಗ್ರಾಂ (15), ದಿನದ ಅಕ್ಕಿ-ರಾಗಿ-ಗೋಧಿ 200 ಗ್ರಾಂನಿಂದ 16. ಒಟ್ಟು 70. ಮೊಟ್ಟೆ ತಿನ್ನೋರಿಗೆ ಒಂದಕ್ಕೆ 6 ಗ್ರಾಂ, ಕೆಲಸ ಸಲೀಸು.

"ದಿನಾ ಸಾರು ತಿಂತೀವಲ್ಲ, ಬೇಳೆ ಇರುತ್ತೆ" ಅಂತಾರೆ. ಸಾರಿನ ಪಾತ್ರೆ ಅರ್ಧ ಗಂಟೆ ಸುಮ್ಮನೆ ಬಿಟ್ಟು ನೋಡಿ. ಬೇಳೆ ತಳಕ್ಕೆ ಕೂತಿರುತ್ತೆ, ಮೇಲಿಂದ ಸೌಟು ಹಾಕಿದೋರಿಗೆ ಹುಣಸೆ ನೀರು, ಕೊತ್ತಂಬರಿ ಎಲೆ, ಒಂದು ಟೊಮೇಟೊ ಸಿಪ್ಪೆ. ಗಟ್ಟಿ ಭಾಗ ಕೊನೆಗೆ ಊಟಕ್ಕೆ ಕೂತೋರ ಪಾಲು, ಇಲ್ಲಾ ಪಾತ್ರೆ ತೊಳೆಯೋ ಸಿಂಕಿನ ಪಾಲು. ತಳದಿಂದ ಕಲಕಿ ಬಡಿಸಿ. ಬಸ್ಸಾರು ಮಾಡೋ ಮನೇಲಿ ಈ ತಾಪತ್ರಯ ಕಡಿಮೆ, ಕಾಳು-ಸೊಪ್ಪು ಪಲ್ಯವಾಗಿ ತಟ್ಟೆಗೇ ಬರುತ್ತೆ. ಆ ಪಲ್ಯ ಒಂದು ಬಟ್ಟಲು ಮೊದಲು ತಿಂದು ಆಮೇಲೆ ಮುದ್ದೆ ಮುರೀರಿ.

ಮೊಣಕಾಲು_ಫಿಸಿಯೋ

ವಾಕಿಂಗ್ ಒಂದರಿಂದಲೇ ತೂಕ ಇಳಿಸ್ತೀನಿ ಅನ್ನೋರಿಗೆ: 70-80 ಕೆಜಿ ಇರೋರು ಅರ್ಧ ಗಂಟೆ ಚುರುಕಾಗಿ ನಡೆದರೆ ಹೆಚ್ಚುಕಮ್ಮಿ 130-150 ಕ್ಯಾಲೊರಿ. ಲಾಲ್‌ಬಾಗ್ ಸುತ್ತಿ ಬಂದು ಗೇಟಿನ ಹೊರಗೆ ಚೌಚೌ ಬಾತ್ ತಿಂದರೆ ಲಾಭಕ್ಕಿಂತ ನಷ್ಟ ದೊಡ್ಡದು. ಆದರೂ ನಡೀಬೇಕು. ಇಳಿದ ತೂಕ ನಿಲ್ಲಿಸೋದರಲ್ಲಿ, ಬಿಪಿ-ಶುಗರ್ ಹಿಡಿತದಲ್ಲಿಡೋದರಲ್ಲಿ ಅದರ ಪಾಲು ದೊಡ್ಡದು. ವಾರಕ್ಕೆ ಕನಿಷ್ಠ 150 ನಿಮಿಷ.

ಮೊದಲ ವಾರವೇ 10,000 ಹೆಜ್ಜೆ ಬೇಡ. ಹಿಮ್ಮಡಿ ನೋವು ಬಂದು ಮೂರನೇ ವಾರ ಎಲ್ಲ ನಿಲ್ಲುತ್ತೆ. ಈಗ ಎಷ್ಟು ನಡೀತಿದ್ದೀರೋ ಅದಕ್ಕೆ ಸಾವಿರ ಸೇರಿಸಿ, ಹದಿನೈದು ದಿನಕ್ಕೊಮ್ಮೆ ಇನ್ನೊಂದು ಸಾವಿರ. ಮೆಟ್ರೋದಲ್ಲಿ ಎಸ್ಕಲೇಟರ್ ಬಿಟ್ಟು ಹತ್ತುವಾಗ ಮೆಟ್ಟಿಲು. ಮಂಡಿನೋವಿದ್ದರೆ ಇಳಿಯೋದಕ್ಕೆ ಲಿಫ್ಟ್. ಇಳಿಯುವಾಗ್ಲೇ ಮಂಡಿಗೆ ಪೆಟ್ಟು ಜಾಸ್ತಿ. ಒಂದು ಕೆಜಿ ತೂಕ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿ ಮೇಲಿನ ಭಾರ ನಾಲ್ಕು ಕೆಜಿ ಕಮ್ಮಿ ಆಗುತ್ತೆ.

ಎಲ್ಲರೂ ಬಿಡೋದು ಸ್ನಾಯುವಿನ ವ್ಯಾಯಾಮ. ತೂಕ ಇಳಿಯುವಾಗ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತೆ, ವಾಪಸ್ ಬರುವಾಗ ಮುಖ್ಯವಾಗಿ ಕೊಬ್ಬು ಬರುತ್ತೆ. ವಾರಕ್ಕೆ ಎರಡು ದಿನ, 25 ನಿಮಿಷ: ಕೈ ಊರದೆ ಕುರ್ಚಿಯಿಂದ ಎದ್ದು ಕೂರೋದು, ಗೋಡೆ ಪುಷ್-ಅಪ್, ಕಿಟಕಿ ಸರಳಿಗೆ ರಬ್ಬರ್ ಬ್ಯಾಂಡ್ ಕಟ್ಟಿ ಎದೆ ಕಡೆ ಎಳೆಯೋದು, ಮೆಟ್ಟಿಲ ಅಂಚಲ್ಲಿ ಹಿಮ್ಮಡಿ ಎತ್ತೋದು, ಎರಡು ಕೈಲಿ ಐದೈದು ಲೀಟರ್ ನೀರಿನ ಕ್ಯಾನ್ ಹಿಡಿದು ನಡುಮನೇಲಿ ಓಡಾಡೋದು. ಎಣಿಸುವಂಥದ್ದು 8-12 ಸಲ, ಎರಡು-ಮೂರು ಸುತ್ತು. ಕೊನೆಯ ಎರಡು ಸಲ ಕಷ್ಟ ಆಗಬೇಕು. 20 ಸಲ ಆರಾಮಾಗಿ ಆಗ್ತಿದ್ರೆ ಭಾರ ಸಾಲದು. ಉಸಿರು ಬಿಗಿ ಹಿಡಿಯಬೇಡಿ, ಬಿಪಿ ಜಿಗಿಯುತ್ತೆ.

ಹೊರವರ್ತುಲ_ಶಿಫ್ಟ್

ನೈಟ್ ಶಿಫ್ಟಿನವರು ಏನು ಮಾಡ್ಬೇಕು? ರಾತ್ರಿ 2ಕ್ಕೆ ಆಫೀಸ್ ಕ್ಯಾಂಟೀನಲ್ಲಿ ಸಿಗೋದು ಬಿರಿಯಾನಿ, ಪಫ್, ಕೂಲ್‌ಡ್ರಿಂಕ್. ಆಮೇಲೆ ಈ ತೂಕ ಇಳಿಸೋ ಇಂಜೆಕ್ಷನ್‌ಗಳ ಬಗ್ಗೆ ಯಾರಾದ್ರೂ ಸರಿಯಾಗಿ ಹೇಳಿ.

ಹಾರ್ಮೋನ್_ಡಾಕ್ಟ್ರು

ಶಿಫ್ಟಿಗೆ ಹೊರಡುವ ಮುಂಚೆ ಪೂರ್ತಿ ಊಟ, ನಡುರಾತ್ರಿ ಮಜ್ಜಿಗೆ-ಕಾಳು-ಮೊಟ್ಟೆಯಂಥದ್ದು, ಬೆಳಗ್ಗೆ ಮಲಗುವ ಮುಂಚೆ ಹಗುರ ತಿಂಡಿ. ಕಿಟಕಿಗೆ ದಪ್ಪ ಪರದೆ. ಗೊರಕೆ ಜೋರಿದ್ದು, ಮಧ್ಯೆ ಉಸಿರು ಕಟ್ಟಿದಂತಾಗಿ, ಹಗಲು ಕ್ಯಾಬಿನಲ್ಲಿ ಕೂತಲ್ಲೇ ನಿದ್ದೆ ಬರುತ್ತಿದ್ದರೆ ನಿದ್ರೆಯ ಪರೀಕ್ಷೆ ಮಾಡಿಸಿ. ನಿದ್ರೆಯಲ್ಲಿ ಉಸಿರು ನಿಲ್ಲುವ ಕಾಯಿಲೆಯನ್ನು ಹಾಗೇ ಬಿಟ್ಟರೆ ಬಿಪಿಯೂ ಹತೋಟಿಗೆ ಬರುವುದಿಲ್ಲ.

ಇಂಜೆಕ್ಷನ್. ಟಿರ್ಜೆಪಟೈಡ್ ನಮ್ಮಲ್ಲಿ 2025ರ ಮಾರ್ಚಿನಲ್ಲಿ ಬಂತು, ತೂಕಕ್ಕೆಂದೇ ಇರುವ ಸೆಮಾಗ್ಲುಟೈಡ್ ಜೂನಿನಲ್ಲಿ. ಎರಡೂ ವಾರಕ್ಕೊಂದು. ಬಿಎಂಐ 30 ಮೇಲಿದ್ದರೆ, ಅಥವಾ 27 ಮೇಲಿದ್ದು ಶುಗರ್, ಬಿಪಿಯಂಥ ಕಾಯಿಲೆ ಇದ್ದರೆ ಬಳಸಲು ಅನುಮತಿ. ಸೆಮಾಗ್ಲುಟೈಡ್ 0.25 ಮಿ.ಗ್ರಾಂನಿಂದ ಶುರು, ನಾಲ್ಕು ವಾರಕ್ಕೊಮ್ಮೆ 0.5, 1, 1.7, 2.4. ಟಿರ್ಜೆಪಟೈಡ್ 2.5ರಿಂದ ಶುರು, ಗರಿಷ್ಠ 15. ಪ್ರಯೋಗಗಳಲ್ಲಿ ಸೆಮಾಗ್ಲುಟೈಡ್‌ನಿಂದ 68 ವಾರಕ್ಕೆ ಸರಾಸರಿ ಶೇ 15, ಟಿರ್ಜೆಪಟೈಡ್‌ನ ಮೇಲಿನ ಡೋಸಿನಲ್ಲಿ 72 ವಾರಕ್ಕೆ ಶೇ 20ರಷ್ಟು ತೂಕ ಇಳಿಯಿತು. ಸೆಮಾಗ್ಲುಟೈಡ್ ನಿಲ್ಲಿಸಿದ ಒಂದು ವರ್ಷಕ್ಕೆ ಇಳಿದದ್ದರಲ್ಲಿ ಮೂರನೇ ಎರಡು ಪಾಲು ವಾಪಸ್ ಬಂತು. ಮೊದಲು ಹೇಳಿದ ಎಳೆತ ಇದೇ. ಹಾಗಾಗಿ "ಮದುವೆಗೆ ಮುಂಚೆ ಮೂರು ತಿಂಗಳು" ಅಂತ ತೆಗೆದುಕೊಳ್ಳುವುದು ದುಡ್ಡು ಸುಡುವ ದಾರಿ.

ಮೆಡುಲ್ಲರಿ ಥೈರಾಯ್ಡ್ ಕ್ಯಾನ್ಸರ್ ತಮಗೆ ಅಥವಾ ಮನೆತನದಲ್ಲಿದ್ದರೆ ಕೊಡುವಂತಿಲ್ಲ, ಗರ್ಭಿಣಿಯರಿಗೂ ಇಲ್ಲ. ಮಗು ಬೇಕೆನ್ನುವವರು ಸೆಮಾಗ್ಲುಟೈಡನ್ನು ಎರಡು ತಿಂಗಳು ಮುಂಚೆ ನಿಲ್ಲಿಸಬೇಕು. ಟಿರ್ಜೆಪಟೈಡ್ ಶುರುಮಾಡಿದಾಗ ಮತ್ತು ಪ್ರತಿ ಸಲ ಡೋಸ್ ಏರಿಸಿದಾಗ ನಾಲ್ಕು ವಾರ ಗರ್ಭನಿರೋಧಕ ಮಾತ್ರೆಯೊಂದನ್ನೇ ನಂಬಬೇಡಿ. ಮೇದೋಜೀರಕ ಗ್ರಂಥಿ ಊದಿದ್ದ ಚರಿತ್ರೆ ಇದ್ದರೆ ಮೊದಲೇ ಹೇಳಿ. ಇನ್ಸುಲಿನ್, ಗ್ಲಿಮೆಪಿರೈಡ್ ಜೊತೆಗಿದ್ದರೆ ಅವುಗಳ ಡೋಸ್ ಇಳಿಸಬೇಕಾಗಬಹುದು.

ಗುಳಿಗೆ_ಡಬ್ಬಿ

ಬಳಸುವಾಗ ಎಡವೋದು ಇಲ್ಲಿ. ಹಳೇ ಅಳತೆಯಲ್ಲೇ ತಿಂದು ವಾಂತಿ ಮಾಡ್ಕೊಳ್ಳೋದು: ಹೊಟ್ಟೆ ನಿಧಾನಕ್ಕೆ ಖಾಲಿ ಆಗುತ್ತೆ, ಅರ್ಧ ತಟ್ಟೆಗೆ ನಿಲ್ಲಿಸಿ, ಕರಿದದ್ದು ಬೇಡ. ಮಲಬದ್ಧತೆ: ಸೊಪ್ಪು, ನೀರು. ಹೊಟ್ಟೆಯ ಮೇಲ್ಭಾಗದಲ್ಲಿ ಸಹಿಸಲಾಗದ ನೋವು ಬೆನ್ನಿಗೆ ಹಾಯ್ದು ವಾಂತಿ ನಿಲ್ಲದಿದ್ರೆ ಸೀದಾ ಆಸ್ಪತ್ರೆಗೆ, ಗ್ಯಾಸ್ ಅಂತ ಮಾತ್ರೆ ನುಂಗಿ ಕಾಯಬೇಡಿ. ತೂಕ ಬೇಗ ಇಳಿದ್ರೆ ಪಿತ್ತಕೋಶದ ಕಲ್ಲೂ ಆಗುತ್ತೆ. ಯಾವುದೇ ಆಪರೇಷನ್‌ಗೆ ಅರಿವಳಿಕೆ ಕೊಡೋ ಡಾಕ್ಟ್ರಿಗೆ ಈ ಇಂಜೆಕ್ಷನ್ ವಿಷಯ ಹೇಳಲೇಬೇಕು.

ಪೆನ್ನು ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿ. ಫ್ರೀಜರಿಗೆ ಅಂಟಿಕೊಂಡ ತಟ್ಟೆಯಲ್ಲಿ ಇಡಬೇಡಿ. ಒಮ್ಮೆ ಹೆಪ್ಪುಗಟ್ಟಿದ್ರೆ ಕರಗಿದ ಮೇಲೂ ಎಸೆಯಬೇಕು. ಸೂಜಿ ಪ್ರತಿ ಸಲ ಹೊಸದು. ಗಂಡ-ಹೆಂಡತಿ ಒಂದೇ ಪೆನ್ನು ಹಂಚಿಕೊಳ್ಳೋದು, ಸೂಜಿ ಬದಲಾಯಿಸಿದ್ರೂ, ತಪ್ಪು. ಚೀಟಿ ಇಲ್ಲದೆ ಜಿಮ್ಮಲ್ಲಿ, ಪಾರ್ಲರಲ್ಲಿ ಸಿಗೋ ಸೀಸೆ ಮುಟ್ಟಬೇಡಿ.

ವಿಮೆ_ಕಡತ

ಆಪರೇಷನ್ ಬಗ್ಗೆ ಒಂದು ತೊಡಕು ಗೊತ್ತಿರಲಿ. 2022ರ ಅಂತರರಾಷ್ಟ್ರೀಯ ಮಾರ್ಗಸೂಚಿ ಪ್ರಕಾರ ಏಷ್ಯಾದವರಿಗೆ ಬಿಎಂಐ 27.5ರಿಂದಲೇ ಬೇರಿಯಾಟ್ರಿಕ್ ಸರ್ಜರಿ (ತೂಕ ಇಳಿಸೋ ಆಪರೇಷನ್) ಪರಿಗಣಿಸಬಹುದು. ವಿಮೆ ಪಾಲಿಸಿಗಳ ಪ್ರಮಾಣಿತ ಷರತ್ತು ಮಾತ್ರ 40 ಅನ್ನುತ್ತೆ. ಅಥವಾ 35 ಇದ್ದು, ಜೊತೆಗೆ ಹೃದಯದ ಕಾಯಿಲೆ, ತೀವ್ರ ಸ್ಲೀಪ್ ಆಪ್ನಿಯಾ (ನಿದ್ರೆಯಲ್ಲಿ ಉಸಿರು ನಿಲ್ಲೋ ಕಾಯಿಲೆ), ಹತೋಟಿಗೆ ಬಾರದ ಟೈಪ್ 2 ಶುಗರ್‌ನಂಥದ್ದು ಇರಬೇಕು. 18 ವರ್ಷ ತುಂಬಿರಬೇಕು, ಬೇರೆ ದಾರಿಗಳು ಫಲಿಸಿಲ್ಲ ಅನ್ನೋದಕ್ಕೆ ದಾಖಲೆ ಬೇಕು. ಆದ್ದರಿಂದ ಆಹಾರತಜ್ಞರ ಚೀಟಿ, ತೂಕದ ದಾಖಲೆ, ನಿದ್ರೆ ಪರೀಕ್ಷೆಯ ವರದಿ ತಾರೀಖಿನ ಸಮೇತ ಫೈಲ್ ಮಾಡಿಡಿ. "ತೂಕ ಇಳಿಸಲು" ಅಂತಷ್ಟೇ ಬರೆದ ಚೀಟಿ ಹಿಡಿದು ಹೋದರೆ ಕ್ಲೇಮ್ ತಿರುಗಿ ಬರೋ ಸಂಭವ ಹೆಚ್ಚು. ಕಾಯಿಲೆಗಳ ಹೆಸರೂ ಅದರಲ್ಲಿರಲಿ.

ಹಾರ್ಮೋನ್_ಡಾಕ್ಟ್ರು

ಸ್ಲೀವ್ ಅನ್ನುವ ಬೇರಿಯಾಟ್ರಿಕ್ ಆಪರೇಷನ್ನಿನಲ್ಲಿ ಜಠರದ ಮುಕ್ಕಾಲು ಭಾಗ ತೆಗೆದುಬಿಡುತ್ತಾರೆ. ಆಮೇಲೆ ಜೀವನಪೂರ್ತಿ ಬಿ12, ಕಬ್ಬಿಣ, ವಿಟಮಿನ್ ಡಿ ನೋಡಿಕೊಳ್ಳಬೇಕು. ಅದೂ "ಒಮ್ಮೆ ಮಾಡಿ ಮರೆತುಬಿಡು" ಚಿಕಿತ್ಸೆಯಲ್ಲ.

ಜಯನಗರ_ಪ್ರಶ್ನೆ

ಹಾಗಾದ್ರೆ ಗುರಿ ಎಷ್ಟಿರಬೇಕು? 91ನೇ ದಿನದಿಂದ ಏನು ಮಾಡೋದು?

ಅಡುಗೆಮನೆ_ಲೆಕ್ಕ

ಮೊದಲ ಆರು ತಿಂಗಳಿಗೆ ಶೇ 5ರಿಂದ 10. 90 ಕೆಜಿ ಇದ್ರೆ ನಾಲ್ಕೂವರೆಯಿಂದ 9. ಆರು ತಿಂಗಳ ಆಸುಪಾಸಲ್ಲಿ ಮುಳ್ಳು ನಿಂತುಬಿಡುತ್ತೆ, ಅದು ಸೋಲಲ್ಲ. ಚಿಕ್ಕ ದೇಹಕ್ಕೆ ಖರ್ಚೂ ಚಿಕ್ಕದು, ಅಷ್ಟೇ.

ಆಮೇಲಿಂದ ವಾರಕ್ಕೊಮ್ಮೆ ತೂಕ: ಪ್ರತಿ ವಾರ ಅದೇ ದಿನ, ಬೆಳಗ್ಗೆ ಶೌಚ ಆದ ಮೇಲೆ, ಕಾಫಿಗೆ ಮುಂಚೆ, ಒಂದೇ ಥರದ ಬಟ್ಟೆ, ತಕ್ಕಡಿ ಕಲ್ಲಿನ ನೆಲದ ಮೇಲೆ. ಉಪ್ಪಿನಕಾಯಿ, ಮುಟ್ಟು, ಪ್ರಯಾಣಕ್ಕೆಲ್ಲ ಒಂದೆರಡು ಕೆಜಿ ಆಡುತ್ತೆ, ಹಾಗಾಗಿ ನಾಲ್ಕು ವಾರದ ಸರಾಸರಿ ನೋಡಿ. ಸರಾಸರಿ 2 ಕೆಜಿ ಮೇಲೆ ಹೋದ್ರೆ ಅವತ್ತೇ ಕೆಲಸ ಶುರು: ಮೂರು ದಿನ ತಿಂದದ್ದೆಲ್ಲ ಬರೀರಿ, ಎಣ್ಣೆ ಡಬ್ಬಿಯ ಮಟ್ಟ ನೋಡಿ, ಹೊಸ ಮಾತ್ರೆ ಸೇರಿದೆಯಾ ನೋಡಿ, ನಿದ್ದೆ ಎಷ್ಟು ಗಂಟೆ ನೋಡಿ. ಎರಡು ಕೆಜಿಗೆ ಹಿಡಿದ್ರೆ ಒಂದೆರಡು ತಿಂಗಳ ಕೆಲಸ, ಹತ್ತು ಕೆಜಿಗೆ ಬಿಟ್ರೆ ಮತ್ತೆ ಮೊದಲಿಂದ.

ಹಾರ್ಮೋನ್_ಡಾಕ್ಟ್ರು

ಮೂರು ತಿಂಗಳಿಗೊಮ್ಮೆ ಬಿಪಿ ಮತ್ತು ಸೊಂಟದ ಅಳತೆ, ವರ್ಷಕ್ಕೊಮ್ಮೆ ರಕ್ತಪರೀಕ್ಷೆ. ತಕ್ಕಡಿ ಅಲುಗದಿದ್ದರೂ ಲಾಭ ಇರುತ್ತೆ ಅನ್ನೋದಕ್ಕೆ ನಮ್ಮ ನೆಲದ್ದೇ ಸಾಕ್ಷಿ: 2006ರಲ್ಲಿ ಪ್ರಕಟವಾದ ಭಾರತೀಯ ಅಧ್ಯಯನದಲ್ಲಿ ನಡಿಗೆ-ಆಹಾರ ಬದಲಾಯಿಸಿಕೊಂಡವರಿಗೆ ಸಕ್ಕರೆ ಕಾಯಿಲೆಯ ಅಪಾಯ ಶೇ 28.5ರಷ್ಟು ಇಳಿಯಿತು, ತೂಕ ಹೆಚ್ಚೇನೂ ಇಳಿಯದೆಯೇ.

ಹೊರವರ್ತುಲ_ಶಿಫ್ಟ್

ಕೊನೇದಾಗಿ ಮೇಡಂ, ಚಳಿಗಾಲ ಬಂತು, ಅವರೆ ಸೊಗಡು ಶುರು. ವಿ.ವಿ. ಪುರಂ ಕಡೆ ಹೋಗ್ಲೇಬಾರದಾ?

ಅಡುಗೆಮನೆ_ಲೆಕ್ಕ

ಹೋಗಿ. ಹಿತಕಿದಬೇಳೆ ಸಾರು ಎರಡು ಬಟ್ಟಲು ತಿನ್ನಿ, ಮನೇಲಿ ಮಾಡಿದ್ರೆ ಕಾಯಿ ಅರ್ಧ ಮಾಡಿ. ಅವರೆಬೇಳೆ ಮಿಕ್ಸ್ಚರ್ ಮಾತ್ರ 100 ಗ್ರಾಂ ಪೊಟ್ಟಣ ತಗೊಂಡು ನಾಲ್ಕು ಜನ ಹಂಚಿಕೊಳ್ಳಿ. ಕೆಜಿ ಕಟ್ಟಿಸ್ಕೊಂಡು ಬಂದು ಟಿವಿ ಮುಂದೆ ಡಬ್ಬಿ ಇಟ್ಕೊಂಡ್ರೆ ಎಷ್ಟು ತಿಂದ್ರಿ ಅಂತ ನಿಮಗೇ ಗೊತ್ತಾಗಲ್ಲ.